ಕರಡಪ್ಪನವರ ಕಾಲು ಭಾಗ

ನಮ್ಮ ಕಟ್ಟಡದ ಮೇಲಿನ ಮಹಡಿಯಲ್ಲಿರುವ ಕರಡಪ್ಪನವರಿಗೆ ತಂದೆತಾಯಿ ಇಟ್ಟ ಹೆಸರು ಬೇರೆ. ಅಚ್ಚುಕೂಟದಲ್ಲಿ ಕರಡು ತಿದ್ದುತ್ತ ತಿದ್ದುತ್ತ ಆ ಹೆಸರು ಸವೆದುಹೋಗಿ ಈ ಹೆಸರು ಉಳಿದುಕೊಂಡಿತು. ಅವರ ಕೆಂಪು ಪೆನ್ನಿನ ಎದುರು ತಪ್ಪಕ್ಷರವೊಂದು ತಲೆ ಎತ್ತಿ ನಿಂತದ್ದಿಲ್ಲ. ಮೆಟ್ಟಿಲ ಬಳಿ ‘ಇಲ್ಲಿ ಸೈಕಲ್ ನಿಲ್ಲಿಸಬೆಡಿ’ ಎಂದು ಯಾರೋ ಬರೆಸಿದ್ದ ಫಲಕಕ್ಕೆ ದೀರ್ಘ ಹಾಕಿ ‘ಬೇಡಿ’ ಮಾಡಿದವರು ಅವರು. ದೀರ್ಘ ಹಾಕಿ ಮುಗಿಸಿ, ತಮ್ಮ ಸೈಕಲ್ಲನ್ನು ಅದೇ ಫಲಕಕ್ಕೆ ಒರಗಿಸಿ ಮೇಲೆ ಹೋದವರೂ ಅವರೇ. ಅಕ್ಷರಕ್ಕೂ ಅರ್ಥಕ್ಕೂ ಅವರ ಲೆಕ್ಕದಲ್ಲಿ ಅಂಥ ಹತ್ತಿರದ ನೆಂಟಸ್ತನವೇನಿಲ್ಲ.

ನಾನು ಅವರ ಕೆಳಮನೆಯವನು. ಅವರ ಮನೆಯಲ್ಲಿ ಚಮಚ ಬಿದ್ದರೆ ನನ್ನ ತಲೆಯ ಮೇಲೆ ಬಿದ್ದ ಹಾಗೆ ಕೇಳಿಸುತ್ತದೆ. ಆದ್ದರಿಂದ ಸೋಫಾ ಪ್ರಕರಣದ ವಿಷಯದಲ್ಲಿ ನನಗಿಂತ ನಂಬಿಕಸ್ಥ ಸಾಕ್ಷಿ ನಿಮಗೆ ಸಿಗಲಾರ.

ಕರಡಪ್ಪನವರ ಅತ್ತೆಯವರು ಕೆಲವು ದಿನ ಮಗಳ ಮನೆಯಲ್ಲಿದ್ದು ಹೋಗುವುದಾಗಿ ಹೇಳಿಕಳಿಸಿದ್ದರು. ಮನೆಯಲ್ಲಿ ಇನ್ನೊಂದು ಮಂಚ ಹಾಕಲು ಜಾಗವಿಲ್ಲ. ಹಗಲು ಕೂರುವುದಕ್ಕೆ, ರಾತ್ರಿ ಬೆನ್ನು ಕೆಳಗೆ ಮಾಡಿದರೆ ಮಲಗುವುದಕ್ಕೆ ಎರಡಕ್ಕೂ ಆಗುವ ಸೋಫಾ ಒಂದನ್ನು ಗಂಡಹೆಂಡತಿ ಹೋಗಿ ಆರಿಸಿ ಬಂದರು. ಸೋಫಾ ಬಿಡಿಬಿಡಿಯಾಗಿ ಪೆಟ್ಟಿಗೆಯಲ್ಲಿ ಬಂತು. ಜೋಡಿಸಿಕೊಡಲು ಕಂಪನಿಯ ಬಡಗಿ ಮರುದಿನ ಬರುತ್ತಾನೆ, ಅದಕ್ಕೆ ಬೇರೆ ಹಣವಿಲ್ಲ ಎಂದು ತಂದುಕೊಟ್ಟವರು ಹೇಳಿಹೋದರು.

“ಬಡಗಿ ಯಾಕೆ? ನಾನಿಲ್ವಾ?” ಎಂದರು ಕರಡಪ್ಪನವರು.

ಅವರ ಹೆಂಡತಿ ಪೆಟ್ಟಿಗೆಯ ಮೇಲೆ ಕೈಯಿಟ್ಟು ತಡೆದರಂತೆ. “ರೀ, ನಾಳೆ ಒಂದಿನ ಕಾದ್ರೆ ಏನಾಗತ್ತೆ?”

“ನಿಮ್ಮಮ್ಮ ಇವತ್ತು ಸಾಯಂಕಾಲ ಬರ್ತಾರೆ. ಬಂದವರನ್ನ ಪೆಟ್ಟಿಗೆ ಮೇಲೆ ಮಲಗಿಸ್ಲಾ? ಇಷ್ಟಕ್ಕೂ ಇದರಲ್ಲಿ ಪುಸ್ತಕ ಇದೆ. ಪುಸ್ತಕ ಅಂದ್ಮೇಲೆ ಅದು ನನ್ನ ಕ್ಷೇತ್ರ.”

ಪುಸ್ತಕವೆಂದರೆ ಜೋಡಿಸುವ ಕ್ರಮ ತಿಳಿಸುವ ಕಿರುಹೊತ್ತಿಗೆ. ಕರಡಪ್ಪನವರು ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿದರು, ಕೆಂಪು ಪೆನ್ನು ಹಿಡಿದು. ಅಲ್ಪಪ್ರಾಣಗಳಿಗೆ ಪ್ರಾಣ ತುಂಬಿದರು, ಒತ್ತಕ್ಷರಗಳನ್ನು ಸ್ವಸ್ಥಾನಕ್ಕೆ ಕಳಿಸಿದರು. ‘ತಡೆಪಟ್ಟಿಯ ಎರಡು ಬೋಲ್ಟುಗಳನ್ನು ಕಡ್ಡಯವಾಗಿ ಬಿಗಿಯಬೇಕು’ ಎಂಬಲ್ಲಿ ‘ಕಡ್ಡಾಯ’ ಎಂದು ತಿದ್ದಿ, ಪಕ್ಕದಲ್ಲಿ ‘ಗಮನಿಸಿ’ ಎಂದು ಬರೆದು, ಎರಡು ಗೆರೆ ಎಳೆದರು. ಆಮೇಲೆ ಹೊತ್ತಿಗೆಯನ್ನು ಮಡಚಿಟ್ಟು, ತಮಗೆ ತೋಚಿದ ಹಾಗೆ ಸೋಫಾ ಜೋಡಿಸಿದರು.

ಎಲ್ಲ ಮುಗಿದಾಗ ನೆಲದ ಮೇಲೆ ಎರಡು ಬೋಲ್ಟು ಉಳಿದಿದ್ದವು.

“ಇದೇನ್ರೀ ಮಿಕ್ಕಿದೆ?” ಎಂದರು ಹೆಂಡತಿ.

“ಕಂಪನಿಯವರು ಧಾರಾಳಿಗಳು. ಕಳೆದುಹೋದ್ರೆ ಇರಲಿ ಅಂತ ಹೆಚ್ಚಿಗೆ ಹಾಕಿರ್ತಾರೆ. ಅಂಗಿಗೆ ಒಂದು ಗುಂಡಿ ಹೆಚ್ಚಿಗೆ ಕೊಡಲ್ವಾ, ಹಾಗೆ.”

ಇಂಥ ಸಾಧನೆಯನ್ನು ಹೆಂಡತಿ ಒಬ್ಬಳೇ ನೋಡಿದರೆ ಸಾಲದು. ಕರಡಪ್ಪನವರು ನನ್ನನ್ನೂ, ಎದುರು ಮನೆಯ ಡ್ರಿಲ್ ಮೇಷ್ಟ್ರನ್ನೂ ಕರೆದರು. ಮೇಷ್ಟ್ರು ಶಾಲೆಯಲ್ಲಿ ವ್ಯಾಯಾಮ ಕಲಿಸಿ ನಿವೃತ್ತರಾದವರು. ಅವರು ನಿವೃತ್ತರಾದರೂ ಅವರ ಗಂಟಲು ನಿವೃತ್ತವಾಗಿಲ್ಲ. ತರಕಾರಿ ಕೊಳ್ಳುವಾಗಲೂ ಸಾಲಾಗಿ ನಿಂತ ಮಕ್ಕಳಿಗೆ ಹೇಳಿದ ಹಾಗೆಯೇ ಹೇಳುತ್ತಾರೆ.

ಕರಡಪ್ಪನವರು ಸೋಫಾದ ಬೆನ್ನನ್ನು ಹಿಂದಕ್ಕೆ ಒತ್ತಿದರು. ಅದು ‘ಟಕ್’ ಎಂದು ಚಪ್ಪಟೆಯಾಗಿ ಮಂಚವಾಯಿತು.

“ಕೇಳಿಸ್ತಾ? ಆ ಟಕ್ ಅನ್ನೋದು ಚಿಲಕ. ಇನ್ನು ಇದು ಅಲ್ಲಾಡಲ್ಲ. ನೋಡಿ!” ಎಂದವರೇ ಎರಡು ಹೆಜ್ಜೆ ಹಿಂದೆ ಹೋಗಿ, ಕೆರೆಗೆ ಹಾರುವವರಂತೆ ಕೈ ಮುಂದೆ ಮಾಡಿ ಅದರ ಮೇಲೆ ಉದ್ದಕ್ಕೆ ಬಿದ್ದರು.

ಒಂದು ಕ್ಷಣ ಏನೂ ಆಗಲಿಲ್ಲ. ಕರಡಪ್ಪನವರು ನಮ್ಮ ಕಡೆ ತಿರುಗಿ ಮುಗುಳ್ನಕ್ಕರು. ಆ ಮುಗುಳ್ನಗೆ ಇನ್ನೂ ಮುಖದ ಮೇಲಿರುವಾಗಲೇ ಸೋಫಾ ‘ಕಟಕ್’ ಎಂದು, ಓದಿ ಮುಗಿಸಿದ ದಪ್ಪ ಪುಸ್ತಕದ ಹಾಗೆ ಮುಚ್ಚಿಕೊಂಡಿತು. ಒಂದು ಕೊನೆಯಲ್ಲಿ ಕೂದಲು ಕಂಡಿತು, ಇನ್ನೊಂದು ಕೊನೆಯಲ್ಲಿ ಕಾಲ್ಬೆರಳುಗಳು ಕಂಡವು. ನಡುವಿನ ಕರಡಪ್ಪನವರು ಎಲ್ಲೂ ಕಾಣಲಿಲ್ಲ.

“ಅಯ್ಯೋ, ನಮ್ಮನೆಯವರು!” ಎಂದು ಹೆಂಡತಿ ಕೂಗಿಕೊಂಡರು.

“ಗಾಬರಿ ಬೇಡ! ಎಲ್ಲರೂ ಶಿಸ್ತಾಗಿರಿ!” ಎಂದು ಮೇಷ್ಟ್ರು ಗುಡುಗಿದರು. “ಕೆಳಮನೆಯವರು ತಲೆ ಹಿಡ್ಕೊಳ್ಳಿ, ನಾನು ಕಾಲು ಹಿಡ್ಕೋತೀನಿ. ನಾನು ಹೇಳಿದ ತಕ್ಷಣ ಎಳೀಬೇಕು. ಒಂದು… ಎರಡು…”

“ಎರಡೂ ಕಡೆ ಎಳೆದ್ರೆ ಅವರು ಉದ್ದ ಆಗ್ತಾರೆ ಸಾರ್, ಹೊರಗೆ ಬರಲ್ಲ,” ಎಂದೆ ನಾನು.

ಮೇಷ್ಟ್ರು ಯೋಚಿಸಿದರು. ಈ ಸಾಧ್ಯತೆ ಅವರಿಗೆ ಹೊಳೆದಿರಲಿಲ್ಲ. ಅಷ್ಟರಲ್ಲಿ ಸೋಫಾದ ಒಳಗಿನಿಂದ ಹತ್ತಿ ತುಂಬಿದಂಥ ದನಿಯೊಂದು ಬಂತು.

“ಇಲ್ಲೊಂದು ಚೀಟಿ ಅಂಟಿಸಿದ್ದಾರೆ!”

“ಏನ್ರೀ ಚೀಟಿ? ನೋವಾಗ್ತಿದೆಯಾ?”

“ಎರಡು ಹಲಗೆ ಸೇರೋ ಕಡೆ, ನನ್ನ ಮೂಗಿನ ಮುಂದೆ ಇದೆ. ‘ಎಚ್ಚರಿಕೆ. ಚಲಿಕ ಪೂರ್ತಿ ಬಿದ್ದಿದೆಯೇ ಎಂದು ನೋಡಿಕೊಳ್ಳದೆ ಮಲಗಬೇಡಿ.’ ಚಲಿಕ! ಚಿಲಕ ಅಂತಿರಬೇಕಿತ್ತು. ಯಾರಾದ್ರೂ ಪೆನ್ನು ಕೊಡಿ!”

ಪೆನ್ನು ಕೊಡಲು ಅವರ ಕೈ ಎಲ್ಲಿದೆಯೆಂದು ನಮಗೆ ಯಾರಿಗೂ ತಿಳಿಯಲಿಲ್ಲ. ನಿಜ ಹೇಳಬೇಕೆಂದರೆ, ಅದು ಎಲ್ಲಿದೆಯೆಂದು ಅವರಿಗೂ ತಿಳಿದಿರಲಿಲ್ಲ.

ಈ ಸುಮುಹೂರ್ತದಲ್ಲಿ ಅತ್ತೆಯವರು ಚೀಲ ಹಿಡಿದು ಬಾಗಿಲಲ್ಲಿ ನಿಂತರು. ಅವರಿಗೆ ಕಿವಿ ಸ್ವಲ್ಪ ಮಂದ, ಆದರೆ ಲೋಕಜ್ಞಾನ ಚುರುಕು. ಒಳಗಿದ್ದ ನಮ್ಮನ್ನೆಲ್ಲ ಒಮ್ಮೆ ನೋಡಿ, “ಅಳಿಯಂದ್ರು ಎಲ್ಲಿ?” ಎಂದು ಮಗಳನ್ನು ಕೇಳಿದರು.

“ಸೋಫಾದಲ್ಲಿದ್ದಾರಮ್ಮ.”

“ಕೂತಿದ್ದಾರಾ?”

“ಇಲ್ಲ.”

“ಮಲಗಿದ್ದಾರಾ?”

“ಮಲಗಿದ್ರು. ಈಗ… ಒಳಗಿದ್ದಾರೆ.”

ಅತ್ತೆಯವರು ಸೋಫಾದ ಸುತ್ತ ಒಂದು ಸುತ್ತು ಬಂದರು. ಕಾಲ್ಬೆರಳುಗಳನ್ನು ನೋಡಿ ಅಳಿಯನವೇ ಎಂದು ಖಾತ್ರಿ ಮಾಡಿಕೊಂಡರು. ಆಮೇಲೆ ಕೂದಲಿದ್ದ ಕಡೆ ಬಾಗಿ, “ಅಳಿಯಂದ್ರೇ, ಚೆನ್ನಾಗಿದ್ದೀರಾ?” ಎಂದು ಮರ್ಯಾದೆಯಾಗಿ ವಿಚಾರಿಸಿದರು.

“ಬನ್ನಿ, ಬನ್ನಿ. ಪ್ರಯಾಣ ಸುಖವಾಯ್ತಾ?” ಎಂದಿತು ಸೋಫಾ.

ಕೊನೆಗೆ ಮೇಷ್ಟ್ರ ಕಬ್ಬಿಣದ ಸರಳಿನಿಂದ ಮೀಟಿ ಕರಡಪ್ಪನವರನ್ನು ಹೊರತೆಗೆದೆವು. ಹೊರಬಂದ ಮೇಲೆ ಅವರ ಬಲಭುಜ ತನ್ನ ಜಾಗದಲ್ಲಿರಲಿಲ್ಲ. ಡಾಕ್ಟರು ಅದನ್ನು ಕೂಡಿಸಿ, ಕೈಯನ್ನು ಕುತ್ತಿಗೆಗೆ ತೂಗುಹಾಕಿ, ಕೆಲವು ವಾರ ಪೆನ್ನು ಮುಟ್ಟಕೂಡದು ಎಂದರು. ಪೆನ್ನು ಮುಟ್ಟದ ಕರಡಪ್ಪನವರಿಗೆ ಅಚ್ಚುಕೂಟದಲ್ಲಿ ಏನು ಕೆಲಸ? ಸಂಬಳವಿಲ್ಲದ ರಜೆ. ಇಡೀ ದಿನ ಕಿಟಕಿಯ ಬಳಿ ಕುಳಿತು, ಎದುರಿನ ಅಂಗಡಿಗಳ ಫಲಕಗಳನ್ನು ಎಡಗೈ ಬೆರಳಿನಿಂದ ಗಾಳಿಯಲ್ಲಿ ತಿದ್ದುತ್ತಿದ್ದರು.

ಕಂಪನಿಗೆ ದೂರು ಹೋಯಿತು. ಕಂಪನಿಯ ಪ್ರತಿನಿಧಿ ಬಂದ. ಇಸ್ತ್ರಿ ಮಾಡಿದ ಅಂಗಿ, ಅದಕ್ಕಿಂತ ಚೆನ್ನಾಗಿ ಇಸ್ತ್ರಿ ಮಾಡಿದ ಮಾತು. ಸೋಫಾವನ್ನು ಮುಟ್ಟಿ, “ಅಯ್ಯಯ್ಯೋ” ಎಂದ. ಕರಡಪ್ಪನವರ ಭುಜ ನೋಡಿ, ಅದಕ್ಕಿಂತ ಸ್ವಲ್ಪ ಚಿಕ್ಕದಾಗಿ “ಅಯ್ಯೋ” ಎಂದ. ಆಮೇಲೆ ಒಂದು ಹಾಳೆ ತೆಗೆದ.

“ಸಾರ್, ಇಲ್ಲೊಂದು ಸಹಿ ಹಾಕಿ. ‘ನನ್ನ ಸ್ವಂತ ಅಜಾಗರೂಕತೆಯಿಂದ ಹೀಗಾಯಿತು, ಸೋಫಾದಲ್ಲಿ ದೋಷವಿಲ್ಲ’ ಅಂತ. ನಾಳೆನೇ ಹೊಸ ಸೋಫಾ ಮನೆಗೆ ಬರತ್ತೆ.”

ಕರಡಪ್ಪನವರು ಹಾಳೆ ಓದಿದರು. “ಇದರಲ್ಲಿ ಎರಡು ತಪ್ಪಿದೆ.”

“ಎಲ್ಲಿ ಸಾರ್?”

“ಒಂದು, ‘ಅಜಗರೂಕತೆ’ ಅಂತ ಬರೆದಿದ್ದೀರಿ. ನಾನೇನು ಹೆಬ್ಬಾವಲ್ಲ. ಎರಡು, ದೋಷವಿಲ್ಲ ಅಂದದ್ದು.”

ಈ ಉತ್ತರ ಕೇಳಿ ಅವರ ಹೆಂಡತಿಗೆ ಹೆಮ್ಮೆ ಉಕ್ಕಿತು. ಉಕ್ಕಿದ ಹೆಮ್ಮೆಯಲ್ಲಿ ಅವರು ಆ ಕಿರುಹೊತ್ತಿಗೆಯನ್ನೇ ತಂದು ಪ್ರತಿನಿಧಿಯ ಕೈಗಿಟ್ಟರು. “ನಿಮ್ಮ ಪುಸ್ತಕದಲ್ಲೂ ತಪ್ಪೇ! ನೋಡಿ, ನಮ್ಮನೆಯವರು ಎಷ್ಟು ಚೆನ್ನಾಗಿ ತಿದ್ದಿಟ್ಟಿದ್ದಾರೆ. ಒಂದು ಸಾಲನ್ನೂ ಬಿಟ್ಟಿಲ್ಲ.”

ಪ್ರತಿನಿಧಿ ಪುಟ ತಿರುಗಿಸಿದ. ಬೋಲ್ಟಿನ ಸಾಲು, ಅದರ ಕೆಳಗಿನ ಎರಡು ಕೆಂಪು ಗೆರೆ, ‘ಗಮನಿಸಿ’. ಅವನ ಮುಖದಲ್ಲಿ ಬೆಳಕು ಹರಿಯಿತು. “ಬಹಳ ಚೆನ್ನಾಗಿದೆ ಅಮ್ಮಾ. ಇದರ ಒಂದು ಫೋಟೋ ತಗೋಬಹುದಾ? ನಮ್ಮ ಸಾಹೇಬ್ರಿಗೆ ತೋರಿಸ್ತೀನಿ.”

“ತಗೊಳ್ಳಿ, ತಗೊಳ್ಳಿ. ಮಿಕ್ಕಿದ್ದ ಬೋಲ್ಟೂ ಇದೆ, ಬೇಕಾದ್ರೆ ವಾಪಸ್ ತಗೊಂಡು ಹೋಗಿ. ನಮಗೆ ಹೆಚ್ಚಿನದ್ದು ಯಾಕೆ?”

ಪ್ರತಿನಿಧಿ ಬೋಲ್ಟಿನ ಫೋಟೋವನ್ನೂ ತೆಗೆದುಕೊಂಡ. ಹೋಗುವಾಗ ಮೆಟ್ಟಿಲಿಳಿಯುತ್ತ ಸಿಳ್ಳೆ ಹಾಕುತ್ತಿದ್ದ. ಅದು ನನಗೆ ಕೆಳಗೆ ಸ್ಪಷ್ಟವಾಗಿ ಕೇಳಿಸಿತು.

ಪ್ರಕರಣ ಗ್ರಾಹಕರ ವೇದಿಕೆಯ ಮೆಟ್ಟಿಲೇರಿತು. ಹಳೆಯ ಕಟ್ಟಡ, ಉದ್ದನೆಯ ಬೆಂಚುಗಳು, ತಲೆಯ ಮೇಲೆ ಗೊಣಗುತ್ತ ತಿರುಗುವ ಫ್ಯಾನು. ಅಧ್ಯಕ್ಷೆಯಾಗಿದ್ದವರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಮಾತಾಡುವವರನ್ನು ಅದರ ಮೇಲಿನಿಂದ ನೋಡುವ ಹೆಂಗಸು. ಹೆಂಗಸಾದರೂ ಅಲ್ಲಿಯ ರೂಢಿಯಂತೆ ಎಲ್ಲರೂ ಅವರನ್ನು ‘ಸ್ವಾಮಿ’ ಎಂದೇ ಕರೆಯುತ್ತಿದ್ದರು. ಕಂಪನಿಗೆ ಕಪ್ಪು ಕೋಟಿನ ಭಾರಿ ವಕೀಲರಿದ್ದರು. ಕರಡಪ್ಪನವರಿಗೆ ವಕೀಲರಿರಲಿಲ್ಲ. “ವಕೀಲರ ಅರ್ಜಿ ತಿದ್ದಿ ಕೊಡೋನು ನಾನು. ನನಗೆ ವಕೀಲ ಯಾಕೆ?” ಎಂದು ತಾವೇ ನಿಂತಿದ್ದರು. ಹಿಂದಿನ ಬೆಂಚಿನಲ್ಲಿ ನಾವೆಲ್ಲ ಇದ್ದೆವು. ಮೇಷ್ಟ್ರಂತೂ ಸಾಕ್ಷಿ ಹೇಳುವ ಉತ್ಸಾಹದಲ್ಲಿ ಎದೆ ಸೆಟೆಸಿ ಕುಳಿತಿದ್ದರು.

ವಕೀಲರು ಆ ಹೊತ್ತಿಗೆಯ ಫೋಟೋವನ್ನು ಎತ್ತಿ ಹಿಡಿದರು.

“ಈ ಕೆಂಪು ಅಕ್ಷರ ನಿಮ್ಮದೇನಾ?”

“ನನ್ನದೇ. ಆ ಪುಟದಲ್ಲೇ ಒಂಬತ್ತು ತಪ್ಪಿತ್ತು.”

“ಬೋಲ್ಟು ಕಡ್ಡಾಯವಾಗಿ ಬಿಗಿಯಬೇಕು ಅನ್ನೋ ಸಾಲನ್ನ ಓದಿದ್ರಿ?”

“ಓದದೆ ತಿದ್ದೋಕಾಗತ್ತಾ?”

“‘ಗಮನಿಸಿ’ ಅಂತ ಬರೆದೋರು ಯಾರು?”

“ನಾನೇ.”

“ಗಮನಿಸಿದ್ದು?”

ಕರಡಪ್ಪನವರು ತಮ್ಮ ಬಲಭುಜ ಸವರಿಕೊಂಡರು.

ಮೇಷ್ಟ್ರು ಸಾಕ್ಷಿಗೆ ನಿಂತು ಗೆಳೆಯನಿಗೆ ಸಹಾಯ ಮಾಡಲು ಹೊರಟರು. “ಸ್ವಾಮಿ, ನಾನು ಕಣ್ಣಾರೆ ಕಂಡವನು. ಇವರು ಸೋಫಾ ಮೇಲೆ ಹಾರಿದ ಹಾರಿಕೆ ಇದೆಯಲ್ಲ, ಅಂಥದ್ದನ್ನ ನನ್ನ ಶಾಲೆಯಲ್ಲಿ ಯಾವ ಮಗುವೂ ಹಾರಿಲ್ಲ. ಎರಡು ಹೆಜ್ಜೆ ಓಟ, ಮೊಣಕಾಲು ನೇರ…”

“ಹಾರಿದರು ಅಂತೀರಿ,” ಎಂದು ವಕೀಲರು ಬರೆದುಕೊಂಡರು.

“ಅದ್ಭುತವಾಗಿ ಹಾರಿದರು!” ಎಂದರು ಮೇಷ್ಟ್ರು.

ಹೆಂಡತಿಯ ಸರದಿ ಬಂದಾಗ ಅವರು ಗಂಡನ ಮುಖ ನೋಡಿದರು, ಅಧ್ಯಕ್ಷೆಯ ಮುಖ ನೋಡಿದರು, ಸುಳ್ಳು ಹೇಳಲು ಬಾರದೆ ನಿಜವನ್ನೇ ಹೇಳಿದರು. ಹೌದು, ಬಡಗಿ ಬರುವವನಿದ್ದ. ಹೌದು, ಬೋಲ್ಟು ಮಿಕ್ಕಿದೆ ಅಂತ ನಾನು ಹೇಳಿದೆ. ಹೌದು, ಅಂಗಿಯ ಗುಂಡಿ ಅಂದರು.

“ಇನ್ನೇನು ಬೇಕು?” ಎಂದು ವಕೀಲರು ಅಧ್ಯಕ್ಷೆಯ ಕಡೆ ತಿರುಗಿದರು. “ಪುಸ್ತಕ ಓದಿ ಪಾಲಿಸಲಿಲ್ಲ. ಬೋಲ್ಟು ಹಾಕಲಿಲ್ಲ. ಸಾಲದ್ದಕ್ಕೆ ಅದರ ಮೇಲೆ ಹಾರಿದರು. ಪೆಟ್ಟು ತಿಂದವನ ನಿರ್ಲಕ್ಷ್ಯವೇ ಪೆಟ್ಟಿಗೆ ಕಾರಣ ಆದಾಗ, ಸಾಮಾನು ಮಾಡಿದವನು ಯಾಕೆ ತಲೆ ಕೊಡಬೇಕು? ತಪ್ಪು ಪೂರ್ತಿ ಇವರದೇ.”

ಕರಡಪ್ಪನವರು ನಿಧಾನವಾಗಿ ಎದ್ದು ನಿಂತರು. ಅವರ ದನಿಯಲ್ಲಿ ಎಂದಿನ ಠೀವಿ ಇರಲಿಲ್ಲ.

“ಸ್ವಾಮಿ, ಬೋಲ್ಟು ಹಾಕದೇ ಇದ್ದದ್ದು ನನ್ನ ತಪ್ಪು. ಹಾರಿದ್ದೂ ನನ್ನ ತಪ್ಪು. ಒಪ್ಪಿಕೊಂಡೆ. ಆದ್ರೆ ಆವತ್ತು ಮಲಗಬೇಕಾಗಿದ್ದೋರು ನಮ್ಮತ್ತೆ. ಅವರು ಹಾರ್ತಿರಲಿಲ್ಲ, ಮೆಲ್ಲಗೆ ಮಲಗ್ತಿದ್ರು. ಆಗಲೂ ಇದು ಮುಚ್ಕೊಂಡಿದ್ರೆ? ಆ ವಯಸ್ಸಿನ ಮೂಳೆಗೆ? ಇವರ ಪ್ರತಿನಿಧಿ ತಂದ ಹಾಳೆಗೆ ಸಹಿ ಹಾಕಿದ್ರೆ ಹೊಸ ಸೋಫಾ ಬರ್ತಿತ್ತು. ಅದರಲ್ಲೂ ಇದೇ ಚಿಲಕ ಇರ್ತಿತ್ತು. ಅದಕ್ಕೇ ಹಾಕಲಿಲ್ಲ.”

ನನಗೆ ಅವರ ಪರಿಚಯವಾದಾಗಿನಿಂದ ಅವರ ಬಾಯಲ್ಲಿ ‘ನನ್ನ ತಪ್ಪು’ ಎಂಬ ಮಾತು ಕೇಳಿದ್ದು ಅದೇ ಮೊದಲು. ಅವರ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಅತ್ತೆಯವರಿಗೆ ಏನೂ ಕೇಳಿಸಿರಲಿಲ್ಲ. ಮಗಳು ಅತ್ತದ್ದು ನೋಡಿ ತಾವೂ ಒರೆಸಿಕೊಂಡರು.

ವಕೀಲರು ನಕ್ಕರು. “ಬೋಲ್ಟು ಹಾಕಿದ್ರೆ ಆನೆ ಮಲಗಿದ್ರೂ ಅದು ಮುಚ್ಚಲ್ಲ ಸ್ವಾಮಿ. ಬೇಕಿದ್ರೆ ಇಲ್ಲೇ ತೋರಿಸ್ತೀವಿ.”

“ತೋರಿಸಿ,” ಎಂದರು ಅಧ್ಯಕ್ಷೆ.

ವಕೀಲರು ಇದನ್ನು ನಿರೀಕ್ಷಿಸಿರಲಿಲ್ಲವೆಂದು ತೋರಿತು. ಆದರೆ ಆಡಿದ ಮಾತು ಹಿಂದಕ್ಕೆ ಬಾರದು. ಮುಂದಿನ ವಿಚಾರಣೆಗೆ ಕಂಪನಿಯವರು ಹೊಚ್ಚಹೊಸ ಸೋಫಾ ತಂದರು. ಕಂಪನಿಯ ಬಡಗಿಯೇ ಜೋಡಿಸಿದ. ಎಲ್ಲ ಬೋಲ್ಟುಗಳನ್ನೂ ಬಿಗಿದ. ನೆಲದ ಮೇಲೆ ಏನೂ ಮಿಕ್ಕಿಲ್ಲವೆಂದು ಅಧ್ಯಕ್ಷೆಗೆ ತೋರಿಸಿದ. ಬೆನ್ನು ಒತ್ತಿದಾಗ ‘ಟಕ್’ ಎಂದಿತು.

ಯಾರು ಮಲಗಬೇಕು? ಪ್ರತಿನಿಧಿ ಬಡಗಿಯನ್ನು ನೋಡಿದ. ಬಡಗಿ ಕಿಟಕಿಯಾಚೆ ನೋಡಿದ. ಪ್ರತಿನಿಧಿ ಇದ್ದಕ್ಕಿದ್ದಂತೆ ತನ್ನ ಸೊಂಟ ಹಿಡಿದುಕೊಂಡ. ಕೊನೆಗೆ ವಕೀಲರೇ, “ನಾನೇ ಮಲಗ್ತೀನಿ” ಎಂದು ಕೋಟು ಸರಿಮಾಡಿಕೊಂಡು, ಹಾರದೆ, ಓಡದೆ, ಮಗುವನ್ನು ತೊಟ್ಟಿಲಿಗೆ ಹಾಕುವ ಹಾಗೆ ತಮ್ಮನ್ನು ತಾವು ಮೆಲ್ಲಗೆ ಮಲಗಿಸಿಕೊಂಡರು.

ಏನೂ ಆಗಲಿಲ್ಲ.

“ನೋಡಿದ್ರಾ ಸ್ವಾಮಿ?” ಎಂದರು ಮಲಗಿಕೊಂಡೇ. “ಎಷ್ಟು ಆರಾಮಾಗಿದೆ. ವಾದವನ್ನ ಇಲ್ಲಿಂದಲೇ ಮುಗಿಸಬಹುದು.” ಹೀಗೆಂದು, ಅಧ್ಯಕ್ಷೆಯ ಕಡೆ ಮುಖ ಮಾಡಲು ಮಗ್ಗುಲು ಬದಲಿಸಿದರು.

ಕಟಕ್.

ಬೋಲ್ಟು ಬಿಗಿದ ತಡೆಪಟ್ಟಿ ತನ್ನ ಕೆಲಸ ಮಾಡಿತು. ಸೋಫಾ ಪೂರ್ತಿ ಮುಚ್ಚದೆ ಅರ್ಧಕ್ಕೆ ನಿಂತಿತು. ವಕೀಲರು ಆ ಸಂದಿನಲ್ಲಿ ತಲೆ ಒಂದು ಕಡೆ, ಕಾಲು ಒಂದು ಕಡೆ, ಕೋಟು ಎರಡೂ ಕಡೆ ಸಿಕ್ಕಿಕೊಂಡು ಕುಳಿತರೋ ಮಲಗಿದರೋ ಎಂದು ಹೇಳಲಾಗದ ಭಂಗಿಯಲ್ಲಿ ಉಳಿದರು.

“ಶಿಸ್ತು! ಯಾರೂ ಗಾಬರಿಯಾಗಬೇಡಿ!” ಎಂದು ಮೇಷ್ಟ್ರು ಬೆಂಚಿನಿಂದ ಎದ್ದೇಬಿಟ್ಟರು. ಅಧ್ಯಕ್ಷೆ ಕೈ ಎತ್ತಿ ಅವರನ್ನು ಕೂರಿಸಿದರು. ಅವರ ತುಟಿ ಬಿಗಿಯಾಗಿತ್ತು. ಆದರೆ ಕನ್ನಡಕ ಮಾತ್ರ ಮೂಗಿನ ಮೇಲೆ ಕುಣಿಯುತ್ತಿತ್ತು.

“ವಕೀಲರೇ, ಪೆಟ್ಟಾಯ್ತಾ?”

“ಇಲ್ಲ ಸ್ವಾಮಿ. ಏಳೋಕೆ ಆಗ್ತಿಲ್ಲ, ಅಷ್ಟೇ.”

“ಮಲಗೋ ಮೊದಲು ಎಚ್ಚರಿಕೆಯ ಚೀಟಿ ಓದಿದ್ರಾ?”

“ಅದು… ಹೊರಗಡೆ ಎಲ್ಲೂ ಕಾಣಿಸಲಿಲ್ಲ ಸ್ವಾಮಿ.”

“ಈಗ ಕಾಣಿಸ್ತಿದೆಯಾ?”

ವಕೀಲರು ಕತ್ತು ಹೊರಳಿಸಿದರು. “ಕಾಣಿಸ್ತಿದೆ ಸ್ವಾಮಿ. ಮೂಗಿನ ಮುಂದೇನೇ ಇದೆ.”

“ಓದಿ.”

“‘ಎಚ್ಚರಿಕೆ. ಚಲಿಕ ಪೂರ್ತಿ…’”

“ಚಿಲಕ!” ಎಂದು ಕರಡಪ್ಪನವರು ತಡೆಯಲಾರದೆ ಕೂಗಿದರು.

ತೀರ್ಪಿನ ದಿನ ಅಧ್ಯಕ್ಷೆ ಅದನ್ನು ನಮಗೆಲ್ಲ ತಿಳಿಯುವ ಹಾಗೆ ಬಿಡಿಸಿ ಹೇಳಿದರು. ಸೋಫಾ ಬಾಯಿ ಮುಚ್ಚಲು ಹೊರಟದ್ದು ಚಿಲಕದ ದೋಷದಿಂದ. ಅದು ಕಂಪನಿಯ ತಪ್ಪು. ಎಚ್ಚರಿಕೆಯ ಚೀಟಿಯನ್ನು ಒಳಗೆ ಸಿಕ್ಕಿಕೊಂಡವರಿಗೆ ಮಾತ್ರ ಕಾಣುವಲ್ಲಿ ಅಂಟಿಸಿದ್ದು. ಅದೂ ಕಂಪನಿಯ ತಪ್ಪು. ಆದರೆ ಅರ್ಧಕ್ಕೆ ನಿಲ್ಲಬೇಕಾದ ಬಾಯಿ ಪೂರ್ತಿ ಮುಚ್ಚಿ ಭುಜ ಜಾರಿದ್ದು, ಬೋಲ್ಟು ಬಿಗಿಯದೆ ಅದರ ಮೇಲೆ ಹಾರಿದ್ದರಿಂದ. ಅದು ಕರಡಪ್ಪನವರ ತಪ್ಪು. ತನ್ನ ಪಾಲಿನ ತಪ್ಪಿದೆ ಎಂದ ಮಾತ್ರಕ್ಕೆ ಪರಿಹಾರ ಪೂರ್ತಿ ಹೋಗುವುದಿಲ್ಲ, ಆ ಪಾಲಿನಷ್ಟು ಕಡಿಮೆಯಾಗುತ್ತದೆ. ಮುಕ್ಕಾಲು ಭಾಗ ಕಂಪನಿಯದು, ಕಾಲು ಭಾಗ ದೂರುದಾರರದು. ಆ ಚಿಲಕವಿರುವ ಸೋಫಾಗಳನ್ನೆಲ್ಲ ಕಂಪನಿ ವಾಪಸು ತರಿಸಿ ಸರಿಮಾಡಿಕೊಡಬೇಕು.

ಮೇಷ್ಟ್ರು ಚಪ್ಪಾಳೆ ತಟ್ಟಿದರು. ಕರಡಪ್ಪನವರು ಮಾತ್ರ ಮಂಕಾಗಿ ಹೊರಬಂದರು. ದಾರಿಯುದ್ದಕ್ಕೂ, “ಕಾಲು ಭಾಗ ನನ್ನದಂತೆ, ಕಾಲು ಭಾಗ” ಎಂದು ಗೊಣಗುತ್ತಿದ್ದರು.

“ಕಾಲಿಗೆ ಏನಾಯ್ತು?” ಎಂದರು ಅತ್ತೆಯವರು ಮನೆಗೆ ಬಂದ ಮೇಲೆ. “ಭುಜಕ್ಕಲ್ವಾ ಪೆಟ್ಟಾಗಿದ್ದು?”

ಮಗಳು ಅವರ ಕಿವಿಯ ಹತ್ತಿರ ಹೋಗಿ ಎಲ್ಲವನ್ನೂ ಜೋರಾಗಿ ವಿವರಿಸಿದರು. ಕೆಳಗಿದ್ದ ನನಗೂ ಒಂದಕ್ಷರ ಬಿಡದೆ ಕೇಳಿಸಿತು. ಆಮೇಲೆ ಗಂಡನ ಕಡೆ ತಿರುಗಿರಬೇಕು, ದನಿ ತಗ್ಗಿತು. ನಾನು ಕುರ್ಚಿ ಹತ್ತಿ ಸೂರಿಗೆ ಕಿವಿಯಿಟ್ಟೆ.

“ಅಷ್ಟಕ್ಕೆ ಯಾಕ್ರೀ ಮುಖ ಸಣ್ಣ ಮಾಡ್ಕೋತೀರಿ? ಬೋಲ್ಟು ಮಿಕ್ಕಿದ್ದನ್ನ ನೋಡಿಯೂ ಸುಮ್ಮನಾದೋಳು ನಾನು. ಹಟ ಮಾಡಿ ಹಾಕಿಸಬೇಕಿತ್ತು. ಆ ಕಾಲಲ್ಲಿ ಅರ್ಧ ನಂದು ಅಂತಿಟ್ಕೊಳ್ಳಿ.”

“ಹಾಗಾದ್ರೆ ನಂದೂ ಸ್ವಲ್ಪ ಇದೆ,” ಎಂದಿತು ಅತ್ತೆಯವರ ದನಿ; ಮಗಳ ಪಕ್ಕದಲ್ಲೇ ಇದ್ದುದರಿಂದ ಅವರಿಗೆ ಕೇಳಿಸಿರಬೇಕು. “ನಾನು ಬರದೇ ಇದ್ದಿದ್ರೆ ಸೋಫಾನೇ ಬರ್ತಿರಲಿಲ್ಲ.”

ಬಾಗಿಲ ಬಳಿ ನಿಂತಿದ್ದರೆಂದು ಕಾಣುತ್ತದೆ, ಮೇಷ್ಟ್ರು ಗುಡುಗಿದರು: “ಹಾರಿಕೆಯನ್ನ ಅಷ್ಟು ಹೊಗಳಿದೋನು ನಾನು! ನನ್ನ ಹೆಸರಿಗೂ ಒಂದಿಷ್ಟು ಬರ್ಕೊಳ್ಳಿ!”

ಆಮೇಲೆ ಕರಡಪ್ಪನವರು ಮೂಗು ಏರಿಸಿಕೊಂಡದ್ದು ಕೇಳಿಸಿತು.

“ಸಾಕು, ಸಾಕು, ಬಿಡಿ,” ಎಂದರು. “ಎಲ್ಲರೂ ಹಂಚ್ಕೊಂಡುಬಿಟ್ರೆ ನನಗೇನು ಉಳೀತು? ಅಷ್ಟು ಜನರ ಮುಂದೆ ನಿಂತು ಒಪ್ಕೊಂಡಿದ್ದೀನಿ. ಅದೊಂದಾದ್ರೂ ನನಗಿರಲಿ.”